ಮೈ ಬಗ್ಗಬೇಕೋ, ವಾದ್ಯ ಬಗ್ಗಬೇಕೋ?

ಗಿಟಾರ್ ಕಲಿಯಲು ತೊಡಗಿದವರಿಗೆ ಮೊದಲು ನೋಯುವುದು ಬೆರಳ ತುದಿ. ಉಕ್ಕಿನ ತಂತಿಯನ್ನು ಒತ್ತಿ ಒತ್ತಿ ಎಡಗೈ ಬೆರಳುಗಳು ಕೆಂಪೇರುತ್ತವೆ. ಕೆಲವು ವಾರ ಬಿಡದೆ ಅಭ್ಯಾಸ ಮಾಡಿದರೆ ಅಲ್ಲಿನ ಚರ್ಮ ಗಟ್ಟಿಯಾಗಿ ಆ ನೋವು ತಾನಾಗಿಯೇ ಹೋಗುತ್ತದೆ. ಆದರೆ ಅಷ್ಟರಲ್ಲಿ ಇನ್ನೊಂದು ನೋವು ಸದ್ದಿಲ್ಲದೆ ಸೇರಿಕೊಂಡಿರುತ್ತದೆ. ಬಲ ಹೆಗಲು ಬಿಗಿಯುತ್ತದೆ, ಕತ್ತು ಹಿಡಿದಂತಾಗುತ್ತದೆ, ಎಡ ಮಣಿಕಟ್ಟು ಸೆಳೆಯುತ್ತದೆ, ಎದ್ದು ನಿಂತರೆ ಸೊಂಟ ನೆಟ್ಟಗಾಗುವುದಿಲ್ಲ. ಬೆರಳ ನೋವಿನ ಹಾಗೆ ಇದು ಅಭ್ಯಾಸದಿಂದ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ.

ಕಾರಣ ಕೈಯಲ್ಲಿಲ್ಲ, ಕೂರುವ ಕ್ರಮದಲ್ಲಿದೆ. ಮುಧೋಳ ತಾಲ್ಲೂಕಿನ ತಿಮ್ಮಾಪುರ ಕಬ್ಬಿಗೂ ಸಕ್ಕರೆ ಕಾರ್ಖಾನೆಗೂ ಹೆಸರಾದ ಊರು. ಇಂಥ ಊರಿನ ಮನೆಯೊಂದರಲ್ಲಿ ಗಿಟಾರ್ ಹಿಡಿದು ಕೂರಲು ಜಾಗ ಹುಡುಕಿದರೆ ಸಿಗುವುದು ಜಮಖಾನೆ, ಮಂಚದ ಅಂಚು, ಮನೆ ಮುಂದಿನ ಕಟ್ಟೆ ಅಥವಾ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಕೈಗಳು ಗಿಟಾರಿನ ಒಡಲಿಗೆ ಅಡ್ಡ ಬರುತ್ತವೆ. ಮಂಚದಲ್ಲಿ ಹಾಸಿಗೆ ಕುಸಿಯುತ್ತದೆ. ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆ ತೊಡೆ ಇಳಿಜಾರಾಗಿ ಗಿಟಾರ್ ಜಾರುತ್ತದೆ. ಅದನ್ನು ತಡೆಯಲು ಮೈ ಮುಂದಕ್ಕೆ ಬಾಗುತ್ತದೆ. ಎಲ್ಲಿ ಕೂತರೂ ಬಗ್ಗುವುದು ಮೈಯೇ.

ತಂತಿ ವಾದ್ಯವನ್ನು ಹೇಗೆ ಹಿಡಿಯಬೇಕು ಎಂಬ ಪ್ರಶ್ನೆ ಈ ನಾಡಿಗೆ ಹೊಸದಲ್ಲ. ಇದೇ ಬಾಗಲಕೋಟೆ ಜಿಲ್ಲೆಯ ಬಂಡೆಗಳಲ್ಲಿ, ವಚನಗಳಲ್ಲಿ, ಜಾತ್ರೆಗಳಲ್ಲಿ ಅದಕ್ಕೆ ಕೊಟ್ಟ ಉತ್ತರಗಳು ಉಳಿದುಕೊಂಡಿವೆ. ಅವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಹಿಂದಿನವರು ವಾದ್ಯಕ್ಕಾಗಿ ಮೈ ಬಗ್ಗಿಸುತ್ತಿರಲಿಲ್ಲ. ಮೈಗೆ ತಕ್ಕಂತೆ ವಾದ್ಯವನ್ನು ಬಗ್ಗಿಸುತ್ತಿದ್ದರು.

ಎದೆಗೆ ಆನಿಸಿದ ವಾದ್ಯ

ಬಾದಾಮಿಯ ಒಂದನೆಯ ಗುಹೆ 6ನೇ ಶತಮಾನದ್ದು. ಅಲ್ಲಿನ ಅರ್ಧನಾರೀಶ್ವರ ಶಿಲ್ಪಕ್ಕೆ ನಾಲ್ಕು ಕೈ. ಒಂದು ಕೈಯಲ್ಲಿ ಪರಶು, ಇನ್ನೊಂದರಲ್ಲಿ ಕಮಲ. ಉಳಿದ ಎರಡು ಕೈಗಳು, ಅಂದರೆ ಶಿವನದೊಂದು ಪಾರ್ವತಿಯದೊಂದು, ಸೇರಿ ವೀಣೆ ನುಡಿಸುತ್ತಿವೆ. ಪ್ರವಾಸಿಗರು ಸಾಮಾನ್ಯವಾಗಿ ಗಮನಿಸದ ವಿವರವೆಂದರೆ ಈ ವಾದಕ ನಿಂತಿದ್ದಾನೆ. ಇಂದು ವೀಣೆ ಎಂದೊಡನೆ ಕಣ್ಣಿಗೆ ಬರುವುದು ನೆಲದ ಮೇಲೆ ಕೂತ ಸರಸ್ವತಿಯ ಚಿತ್ರ. ಆದರೆ ಚಾಲುಕ್ಯರ ಕಾಲದಲ್ಲಿ ವೀಣೆ ಎಂಬ ಹೆಸರು ಹಲವು ಬಗೆಯ ವಾದ್ಯಗಳಿಗೆ ಸಲ್ಲುತ್ತಿತ್ತು. ಅವುಗಳಲ್ಲಿ ಒಂದು ಬಗೆ ಬಿದಿರು ಅಥವಾ ಮರದ ಕೋಲಿಗೆ ಸೋರೆ ಬುರುಡೆ ಕಟ್ಟಿ ತಂತಿ ಬಿಗಿದದ್ದು. ಹಗುರವಾದ್ದರಿಂದ ಅದಕ್ಕೆ ತೊಡೆಯ ಆಸರೆಯೂ ಬೇಕಿರಲಿಲ್ಲ, ಕೂರುವ ಜಾಗವೂ ಬೇಕಿರಲಿಲ್ಲ.

12ನೇ ಶತಮಾನದ ಬಸವಣ್ಣನವರ ವಚನವೊಂದು ಇಲ್ಲಿ ನೆನಪಿಗೆ ಬರುತ್ತದೆ. ತಮ್ಮ ದೇಹವನ್ನೇ ತಂತಿ ವಾದ್ಯವಾಗಿ ಕಲ್ಪಿಸಿಕೊಂಡು ಕೂಡಲಸಂಗಮನ ಕೈಗೆ ಒಪ್ಪಿಸುವ ಆ ವಚನ ಕನ್ನಡಿಗರಿಗೆಲ್ಲ ಪರಿಚಿತ. ಭಕ್ತಿಯ ಮಾತು ಹಾಗಿರಲಿ, ವಾದ್ಯದ ಇತಿಹಾಸ ಹುಡುಕುವವರಿಗೂ ಅದು ಒಂದು ದಾಖಲೆ. ಆ ಕಾಲದ ವಾದ್ಯಕ್ಕೆ ದಂಡಿಗೆಯೂ ಸೋರೆಯೂ ಇತ್ತು, ಅದನ್ನು ಎದೆಗೆ ಒತ್ತಿ ಹಿಡಿದು ನುಡಿಸುತ್ತಿದ್ದರು ಎಂಬುದು ಅದರಿಂದ ತಿಳಿಯುತ್ತದೆ. ಬಸವಣ್ಣನವರ ಸಮಕಾಲೀನರಲ್ಲಿ ಕಿನ್ನರಿ ಬೊಮ್ಮಯ್ಯ ಎಂಬ ಶರಣನ ಹೆಸರಿಗೇ ವಾದ್ಯ ಅಂಟಿಕೊಂಡಿದೆ. ಉತ್ತರ ಕರ್ನಾಟಕದಲ್ಲಿ ಊರೂರು ತಿರುಗುತ್ತಿದ್ದ ಕಿನ್ನರಿ ಜೋಗಿಗಳು ಅದೇ ಹೆಸರಿನ ವಾದ್ಯವನ್ನು ಎದೆಗೆ ಅಡ್ಡ ಹಿಡಿದು ನುಡಿಸುತ್ತಿದ್ದರು.

ಸವದತ್ತಿ ಯಲ್ಲಮ್ಮನ ಭಕ್ತರ ಚೌಡಿಕೆ ಇನ್ನೊಂದು ಉದಾಹರಣೆ. ಮರದ ಕೊಳಗದಂಥ ಒಡಲು, ಅದರ ಕೆಳಗೆ ಚರ್ಮದ ಮುಚ್ಚಳ, ಅಲ್ಲಿಂದ ಮೇಲಿನ ಬಿರಡೆಗೆ ಒಂದು ತಂತಿ. ಒಡಲನ್ನು ಎಡ ಕಂಕುಳಲ್ಲಿ ಅವುಚಿ, ಬಲಗೈಯಿಂದ ತಂತಿ ಮೀಟಿ, ಗಂಟೆಗಟ್ಟಲೆ ನಡೆಯುತ್ತ ಹಾಡಬಹುದು. ತತ್ವಪದಕಾರರ ಏಕತಾರಿಯೂ ಹೀಗೆಯೇ. ಒಂದು ಕೈಯಲ್ಲಿ ಅದನ್ನು ಹಿಡಿದು ಮೀಟಿದರೆ ಇನ್ನೊಂದು ಕೈಯಲ್ಲಿ ಚಿಟಿಕೆ ಹಾಕಬಹುದು. ತಿರುಗುವವರ ವಾದ್ಯ ಮೈಗೆ ಭಾರವಾಗಬಾರದು, ಬೆನ್ನು ನೆಟ್ಟಗಿರಬೇಕು, ಹಾಡಲು ಉಸಿರು ಸಲೀಸಾಗಿ ಬರಬೇಕು. ಈ ಮೂರೂ ಅವುಗಳ ಆಕಾರದಲ್ಲೇ ಅಡಗಿವೆ.

ನೆಲಕ್ಕೆ ಇಳಿದ ವಾದ್ಯಗಳು

ರಾಗವನ್ನು ಗಂಟೆಗಟ್ಟಲೆ ಬೆಳೆಸುವ ಸಂಗೀತ ಬೆಳೆದಂತೆ ವಾದ್ಯ ದೊಡ್ಡದಾಯಿತು, ಭಾರವಾಯಿತು, ನೆಲಕ್ಕೆ ಇಳಿಯಿತು. ಆಗ ಕೂರುವ ಕ್ರಮವೂ ವಾದ್ಯದ ಪಾಠದ ಭಾಗವಾಯಿತು. ಸರಸ್ವತಿ ವೀಣೆಯಲ್ಲಿ ದೊಡ್ಡ ಕೊಡ ನೆಲದ ಮೇಲೆ, ಸೋರೆ ಎಡ ತೊಡೆಯ ಮೇಲೆ. ಭಾರವೆಲ್ಲ ಈ ಎರಡು ಕಡೆ ಹಂಚಿ ಹೋಗುವುದರಿಂದ ಎರಡು ಕೈಗಳೂ ಬಿಡುವಾಗಿ ಉಳಿಯುತ್ತವೆ.

ಸಿತಾರಿನ ಲೆಕ್ಕ ಬೇರೆ. ಧಾರವಾಡವನ್ನು ಸಿತಾರಿನ ಊರಾಗಿ ಮಾಡಿದವರು ‘ಸಿತಾರ ರತ್ನ’ ರಹಿಮತ್ ಖಾನ್. ಬೀನಕಾರ ಬಂದೇ ಅಲಿ ಖಾನರ ಶಿಷ್ಯರಾದ ಅವರು 20ನೇ ಶತಮಾನದ ಮೊದಲ ದಶಕಗಳಲ್ಲಿ ಧಾರವಾಡಕ್ಕೆ ಬಂದು ನೆಲೆಸಿದರು, 1954ರಲ್ಲಿ ತೀರಿಕೊಂಡರು. ಮೊಮ್ಮಗ ಬಾಲೇಖಾನ್ 2007ರಲ್ಲಿ ನಿಧನರಾಗುವವರೆಗೆ ಆ ಪರಂಪರೆ ಮುಂದುವರಿಸಿದರು. ಸಿತಾರ್ ಕಲಿಯುವ ವಿದ್ಯಾರ್ಥಿಗೆ ಎಲ್ಲಿಯೇ ಆದರೂ ಮೊದಲು ಕಲಿಸುವುದು ಕೂರುವುದನ್ನು. ಎಡಗಾಲು ಮಡಚಿ, ಅದರ ಮೇಲೆ ಬಲಗಾಲು ಹಾಯಿಸಿ, ಎಡ ಅಂಗಾಲಿನ ಬಳಿ ಸಿತಾರಿನ ಬುರುಡೆ ಇಟ್ಟು, ಬಲ ಮುಂಗೈಯ ಭಾರವನ್ನು ಬುರುಡೆಯ ಮೇಲೆ ಬಿಡಬೇಕು. ಆಗ ದಂಡಿ ಓರೆಯಾಗಿ ಮೇಲೆದ್ದು ತಾನಾಗಿ ನಿಲ್ಲುತ್ತದೆ. ಎಡಗೈಯನ್ನು ಪೂರ್ತಿ ತೆಗೆದರೂ ಸಿತಾರ್ ಬೀಳಬಾರದು. ಎಡಗೈ ಇರುವುದು ಸ್ವರ ಎಳೆಯಲು, ವಾದ್ಯ ಹೊರಲು ಅಲ್ಲ. ಈ ಒಂದು ನಿಯಮ ನೆನಪಿನಲ್ಲಿ ಇಟ್ಟುಕೊಳ್ಳುವಂಥದ್ದು. ಗಿಟಾರಿನ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಇನ್ನೂ ಕುತೂಹಲಕರವಾದದ್ದು ಹೊರಗಿನಿಂದ ಬಂದ ವಾದ್ಯಗಳ ಕಥೆ. ಪಿಟೀಲು ಯುರೋಪಿನಲ್ಲಿ ನಿಂತು ಅಥವಾ ಕುರ್ಚಿಯಲ್ಲಿ ಕೂತು, ಗದ್ದ ಹೆಗಲುಗಳ ನಡುವೆ ಇಟ್ಟು ನುಡಿಸುವ ವಾದ್ಯ. ಅಲ್ಲಿಯೂ ಅದರ ಹಿಡಿತ ಸುಲಭವಾಗಿರಲಿಲ್ಲ. 1820ರ ಸುಮಾರಿಗೆ ಜರ್ಮನಿಯ ಲೂಯಿ ಸ್ಪೋರ್ ಗದ್ದಕ್ಕೆ ಆಸರೆಯ ಚಿಕ್ಕ ಹಲಗೆ ಜೋಡಿಸಬೇಕಾಯಿತು. ದಕ್ಷಿಣ ಭಾರತದಲ್ಲಿ ಬಾಲುಸ್ವಾಮಿ ದೀಕ್ಷಿತರ ಕಾಲದಲ್ಲಿ ಕರ್ನಾಟಕ ಸಂಗೀತಕ್ಕೆ ಬಂದ ಪಿಟೀಲು ಇಲ್ಲಿ ನೆಲಕ್ಕೆ ಇಳಿಯಿತು. ವಾದಕ ಚಕ್ಕಳಮಕ್ಕಳ ಕೂತು ಬಲಗಾಲನ್ನು ತುಸು ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಹರಡಿನ ಮೇಲೆ ಊರಿ, ಒಡಲನ್ನು ಎದೆ ಹೆಗಲಿನ ನಡುವೆ ಆನಿಸಿದ. ಎರಡೂ ಕಡೆ ಆಸರೆ ಸಿಕ್ಕಿದ್ದರಿಂದ ಎಡಗೈ ಮೇಲೆ ಕೆಳಗೆ ಸರಾಗವಾಗಿ ಜಾರಿತು. ಗಮಕಕ್ಕೆ ಬೇಕಾಗಿದ್ದುದೂ ಅದೇ. ಮೈಸೂರಿನ ಟಿ. ಚೌಡಯ್ಯ (1895–1967) ಏಳು ತಂತಿಯ ಪಿಟೀಲಿನಲ್ಲಿ ಸಭೆ ತುಂಬುವ ನಾದ ತೆಗೆದದ್ದು ಈ ಕೂರುವಿಕೆಯಲ್ಲೇ.

ಹಾರ್ಮೋನಿಯಮ್ ಕಥೆಯೂ ಇದೇ. ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೇನ್ 1842ರಲ್ಲಿ ಹಕ್ಕು ಪಡೆದ ವಾದ್ಯಕ್ಕೆ ಮೇಜಿನಷ್ಟು ಎತ್ತರವಿತ್ತು. ಕುರ್ಚಿಯಲ್ಲಿ ಕೂತು ಎರಡೂ ಕಾಲಿನಿಂದ ತಿದಿ ಒತ್ತಬೇಕಿತ್ತು. ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರಂಥ ತಯಾರಕರು ಅದರ ಕಾಲು ತೆಗೆದು, ತಿದಿಯನ್ನು ಹಿಂಬದಿಗೆ ತಂದು, ಒಂದು ಕೈಯಿಂದ ಒತ್ತುವಂತೆ ಮಾಡಿದರು. ಇಂದು ಮುಧೋಳ, ಜಮಖಂಡಿ ಸೀಮೆಯ ಭಜನಾ ಮಂಡಳಿಗಳಲ್ಲಿ ಕಾಣುವ ಪೇಟಿ ಹೀಗೆ ನೆಲದ ಬದುಕಿಗೆ ಹೊಂದಿಕೊಂಡು ಬಂದದ್ದು. ಅದು ಪರದೇಶದ್ದೆಂದು ಹೇಳಿದರೆ ನಂಬುವವರೇ ಕಡಿಮೆ.

ಗಿಟಾರಿಗೂ ತವರಿನಲ್ಲಿ ನೆಲೆ ಇರಲಿಲ್ಲ

ಗಿಟಾರ್ ಹಿಡಿಯುವ ಸರಿಯಾದ ಕ್ರಮ ಯುರೋಪಿನಲ್ಲಿ ಮೊದಲಿನಿಂದ ಇತ್ತು, ಇಲ್ಲಿನವರಿಗೆ ಅದು ಗೊತ್ತಾಗಲಿಲ್ಲ ಎಂದು ಭಾವಿಸಬೇಕಾಗಿಲ್ಲ. 19ನೇ ಶತಮಾನದ ಆರಂಭದಲ್ಲಿ ಗಿಟಾರ್ ಈಗಿನದಕ್ಕಿಂತ ಚಿಕ್ಕದಾಗಿತ್ತು, ಹಿಡಿತ ಒಬ್ಬೊಬ್ಬರದು ಒಂದೊಂದು ತೆರನಾಗಿತ್ತು. ಸ್ಪೇನಿನ ಪ್ರಸಿದ್ಧ ವಾದಕ ಫೆರ್ನಾಂಡೊ ಸೋರ್ 1830ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟಿಸಿದ ಪಾಠ ಪುಸ್ತಕದಲ್ಲಿ ಗಿಟಾರನ್ನು ಮೇಜಿನ ಮೂಲೆಗೆ ಆನಿಸಿ ನುಡಿಸುವ ಕ್ರಮ ವಿವರಿಸಿದ. ಅವನ ಗೆಳೆಯ ದಿಯೋನಿಸಿಯೋ ಅಗ್ವಾದೊ ಇನ್ನೂ ಮುಂದೆ ಹೋಗಿ, ಗಿಟಾರನ್ನು ಹಿಡಿದು ನಿಲ್ಲಿಸಲು ಮೂರು ಕಾಲಿನ ಒಂದು ಆಸರೆಯನ್ನೇ ಮಾಡಿಸಿದ. ವಾದ್ಯದ ಭಾರ ಕೈಗೆ ಬೀಳಬಾರದು, ಒಡಲು ಎದೆಗೆ ಒತ್ತಿಕೊಂಡು ನಾದ ಅಡಗಬಾರದು ಎಂಬುದು ಅವನ ಉದ್ದೇಶ. ಅದು ರೂಢಿಗೆ ಬರಲಿಲ್ಲ. ಆದರೆ ಧಾರವಾಡದ ಸಿತಾರಿನ ನಿಯಮವೂ ಅಗ್ವಾದೊನ ಮುಕ್ಕಾಲಿಯೂ ಹೇಳಿದ್ದು ಒಂದೇ ಮಾತು.

ಅದೇ ಶತಮಾನದ ಉತ್ತರಾರ್ಧದಲ್ಲಿ ಆಂತೋನಿಯೊ ದೆ ತೊರ್ರೆಸ್ (1817–1892) ಗಿಟಾರಿನ ಒಡಲನ್ನು ಹಿಗ್ಗಿಸಿದ. ಇಂದಿನ ಗಿಟಾರಿನ ಆಕಾರ ಹೆಚ್ಚುಕಡಿಮೆ ಅವನದೇ. ಒಡಲು ದೊಡ್ಡದಾದ ಮೇಲೆ ಅದು ತೊಡೆಯ ಮೇಲೆ ಭದ್ರವಾಗಿ ಕೂತಿತು. ಫ್ರಾನ್ಸಿಸ್ಕೊ ತಾರೆಗಾ (1852–1909) ಎಡಗಾಲನ್ನು ಚಿಕ್ಕ ಕಾಲ್ಮಣೆಯ ಮೇಲಿಟ್ಟು, ಗಿಟಾರಿನ ಸೊಂಟವನ್ನು ಎಡ ತೊಡೆಯ ಮೇಲೆ ಕೂರಿಸಿ, ಕೊರಳನ್ನು ಓರೆಯಾಗಿ ಮೇಲೆತ್ತುವ ಕ್ರಮವನ್ನು ಬಳಕೆಗೆ ತಂದ. ಆಂದ್ರೆಸ್ ಸೆಗೋವಿಯಾ (1893–1987) ಜಗತ್ತಿನ ದೊಡ್ಡ ದೊಡ್ಡ ವೇದಿಕೆಗಳಲ್ಲಿ ಹಾಗೆಯೇ ಕೂತು ನುಡಿಸಿದ್ದರಿಂದ ಅದು ಶಾಸ್ತ್ರೀಯ ಗಿಟಾರಿನ ಭಂಗಿಯಾಗಿ ನಿಂತಿತು. ಹಾಡಿಗೆ ಪಕ್ಕವಾದ್ಯವಾಗಿ ನುಡಿಸುವವರು ಮಾತ್ರ ಬಲ ತೊಡೆಯನ್ನೇ ನೆಚ್ಚಿಕೊಂಡರು. ವಿದ್ಯುತ್ ಗಿಟಾರ್ ಬಂದ ಮೇಲೆ ಚರ್ಮದ ಪಟ್ಟಿಯಲ್ಲಿ ಹೆಗಲಿಗೆ ತೂಗುಹಾಕಿ ನಿಂತು ನುಡಿಸುವುದು ಸಾಮಾನ್ಯವಾಯಿತು. ಹಲಗೆಯಂಥ ಒಡಲಿನ ಚೂಪಾದ ಅಂಚು ಪಕ್ಕೆಗೆ ಚುಚ್ಚುತ್ತದೆ ಎಂದು ವಾದಕರು ದೂರಿದ ಮೇಲೆ ಅಮೆರಿಕದ ಫೆಂಡರ್ ಕಂಪನಿ 1954ರಲ್ಲಿ ಹೊರತಂದ ಸ್ಟ್ರಾಟೊಕ್ಯಾಸ್ಟರ್ ಗಿಟಾರಿನ ಅಂಚನ್ನು ಮೈಗೆ ಹೊಂದುವಂತೆ ಕೆತ್ತಿತು.

ಮಡಿಲಲ್ಲಿ ಮಲಗಿದ ಗಿಟಾರ್

ಭಾರತಕ್ಕೆ ಗಿಟಾರ್ ಎರಡು ದಾರಿಯಲ್ಲಿ ಬಂತು. ಒಂದು ಮೇಲೆ ಹೇಳಿದ ಸ್ಪೇನಿನ ದಾರಿ. ಇನ್ನೊಂದು ಹವಾಯಿ ದ್ವೀಪಗಳ ದಾರಿ. ಅಲ್ಲಿ 19ನೇ ಶತಮಾನದ ಕೊನೆಯ ಹೊತ್ತಿಗೆ ಜೋಸೆಫ್ ಕೆಕುಕು ಎಂಬ ತರುಣ ಗಿಟಾರನ್ನು ಮಡಿಲಲ್ಲಿ ಅಂಗಾತ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಕಡ್ಡಿ ಜಾರಿಸಿ ನುಡಿಸುವ ಕ್ರಮ ರೂಪಿಸಿದ. 1915ರ ಸ್ಯಾನ್‌ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಆ ಸಂಗೀತ ಜಗತ್ತಿಗೆಲ್ಲ ಹಬ್ಬಿತು. 1940ರ ದಶಕದಲ್ಲಿ ಟೌ ಮೋ ಎಂಬ ಹವಾಯಿ ಕಲಾವಿದ ಕೋಲ್ಕತ್ತದಲ್ಲಿ ನೆಲೆಸಿ ನುಡಿಸಿದ್ದು ಇಲ್ಲಿ ಅದು ಬೇರೂರಲು ನೆರವಾಯಿತು.

ಈ ಗಿಟಾರನ್ನು ಹಿಂದೂಸ್ತಾನಿ ಸಂಗೀತ ತಕ್ಷಣ ತನ್ನದಾಗಿಸಿಕೊಂಡಿತು. ಬ್ರಿಜ್ ಭೂಷಣ್ ಕಾಬ್ರಾ ನೆಲದ ಮೇಲೆ ಕೂತು ಅದರಲ್ಲಿ ರಾಗ ನುಡಿಸಿದರು. ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರೊಡನೆ 1967ರಲ್ಲಿ ಅವರು ಮಾಡಿದ ‘ಕಾಲ್ ಆಫ್ ದಿ ವ್ಯಾಲಿ’ ಧ್ವನಿಮುದ್ರಿಕೆ ಮನೆಮಾತಾಯಿತು. ವಿಶ್ವಮೋಹನ ಭಟ್ ಅದಕ್ಕೆ ಇನ್ನಷ್ಟು ತಂತಿ ಸೇರಿಸಿ ಮೋಹನವೀಣೆ ಎಂದು ಹೆಸರಿಟ್ಟು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು. ಕರ್ನಾಟಕದಲ್ಲಿ ಪ್ರಕಾಶ್ ಸೊಂಟಕ್ಕೆ ಈ ಬಗೆಯ ಗಿಟಾರಿಗೆ ಹೆಸರಾದವರು. ಪಿಟೀಲಿಗೂ ಹಾರ್ಮೋನಿಯಮ್ಮಿಗೂ ಆದದ್ದೇ ಇಲ್ಲಿಯೂ ಆಯಿತು. ಕೂರುವ ಕ್ರಮ ನಮ್ಮದು, ವಾದ್ಯ ಅದಕ್ಕೆ ಹೊಂದಿಕೊಂಡಿತು.

ಆದರೆ ಸ್ಪೇನಿನ ದಾರಿಯಲ್ಲಿ ಬಂದ ಗಿಟಾರಿಗೆ ಹೀಗಾಗಲಿಲ್ಲ. ಅದು ಚರ್ಚು, ಕಾಲೇಜು, ಸಿನಿಮಾ ವಾದ್ಯವೃಂದಗಳ ಮೂಲಕ ಕುರ್ಚಿ, ಪಟ್ಟಿ ಸಮೇತ ಬಂತು. ಮೈಸೂರಿನ ರಘು ದೀಕ್ಷಿತ್ ಗಿಟಾರ್ ತೂಗುಹಾಕಿಕೊಂಡು ನಿಂತು ಶಿಶುನಾಳ ಶರೀಫರ ಪದ ಹಾಡುತ್ತಾರೆ. ಒಂದು ಅರ್ಥದಲ್ಲಿ ಏಕತಾರಿಯ ಜಾಗಕ್ಕೆ ಗಿಟಾರ್ ಬಂದು ನಿಂತಿದೆ. ವೇದಿಕೆಯ ಮೇಲೆ ಇದು ಸರಿ. ಮನೆಯಲ್ಲಿ ಅಭ್ಯಾಸಕ್ಕೆ ಕೂತ ವಿದ್ಯಾರ್ಥಿಯ ಮುಂದೆ ಮಾತ್ರ ಕುರ್ಚಿಯ ವಾದ್ಯ ಮತ್ತು ನೆಲದ ಬದುಕು ಎರಡೂ ಮುಖಾಮುಖಿಯಾಗಿವೆ. ಕಲಿಕೆ ಬಹಳಷ್ಟು ಮೊಬೈಲ್ ಪರದೆಯ ಮುಂದೆ ನಡೆಯುವುದರಿಂದ ಬೆನ್ನು ಬಾಗಿದಾಗ ತಿದ್ದುವ ಗುರುವಿನ ಕಣ್ಣೂ ಇಲ್ಲ. ಪರದೆಯಲ್ಲಿರುವವನು ಬೆರಳು ತೋರಿಸುತ್ತಾನೆ. ಅವನ ಕಾಲು ಎಲ್ಲಿದೆ ಎಂಬುದು ಚೌಕಟ್ಟಿನ ಹೊರಗೆ ಉಳಿಯುತ್ತದೆ.

ನೇಕಾರನ ಕುಣಿ, ವಾದಕನ ನೋವು

ದುಡಿಮೆಯ ಭಂಗಿಯಿಂದ ರೋಗ ಬರುತ್ತದೆ ಎಂದು ವೈದ್ಯಶಾಸ್ತ್ರದಲ್ಲಿ ವ್ಯವಸ್ಥಿತವಾಗಿ ಬರೆದವರಲ್ಲಿ ಮೊದಲಿಗ ಇಟಲಿಯ ಬೆರ್ನಾರ್ದಿನೊ ರಾಮಾತ್ಸೀನಿ. 1700ರಲ್ಲಿ ಪ್ರಕಟವಾಗಿ 1713ರಲ್ಲಿ ವಿಸ್ತಾರಗೊಂಡ ಅವನ ಗ್ರಂಥದಲ್ಲಿ ಹತ್ತಾರು ಕಸುಬುದಾರರ ರೋಗಗಳ ವಿವರಣೆಯಿದೆ. ಕರಣಿಕರ ನೋವಿಗೆ ಅವನು ಕೊಟ್ಟ ಕಾರಣಗಳು ಮೂರು: ಸದಾ ಕೂತಿರುವುದು, ಕೈಯನ್ನು ಒಂದೇ ರೀತಿ ಮತ್ತೆ ಮತ್ತೆ ಆಡಿಸುವುದು, ತಪ್ಪಾಗಬಾರದೆಂಬ ಮನಸ್ಸಿನ ಬಿಗಿ. ಮೂರನ್ನೂ ಗಿಟಾರ್ ವಿದ್ಯಾರ್ಥಿಗೆ ಹಾಗೆಯೇ ಅನ್ವಯಿಸಬಹುದು.

ಇದರ ಪರಿಹಾರ ಯಾವ ಗ್ರಂಥವೂ ಇಲ್ಲದೆ ರಬಕವಿ–ಬನಹಟ್ಟಿ, ಇಳಕಲ್ಲಿನ ನೇಕಾರರಿಗೆ ಒಂದು ಮಟ್ಟಿಗೆ ಸಿಕ್ಕಿತ್ತು. ಕುಣಿಮಗ್ಗದಲ್ಲಿ ನೇಕಾರ ಕೂರುವುದು ನೆಲಮಟ್ಟದಲ್ಲಿ. ಕಾಲು ಮಾತ್ರ ಕುಣಿಯೊಳಗೆ ಇಳಿದು ಮೆಟ್ಟುಗೋಲು ತುಳಿಯುತ್ತದೆ. ಹೀಗಾಗಿ ಸೊಂಟ ಮಂಡಿಗಿಂತ ಕೆಳಗೆ ಹೋಗುವುದಿಲ್ಲ, ಎರಡು ಪಾದಗಳಿಗೂ ಆಸರೆ ಇರುತ್ತದೆ, ನೇಯ್ಗೆ ಎದೆಯ ಮುಂದೆ ಕೈಗೆಟಕುವಷ್ಟು ದೂರದಲ್ಲಿರುತ್ತದೆ. ದಿನವಿಡೀ ಲಾಳಿ ಎಸೆಯುವ ನೇಕಾರನಿಗೂ ಬೆನ್ನು ನೋವು ತಪ್ಪಿದ್ದಲ್ಲ. ಆದರೆ ನೆಲ ತೋಡಿಯಾದರೂ ಕೆಲಸವನ್ನು ಮೈಯ ಅಳತೆಗೆ ತರಬೇಕು ಎಂಬ ತಿಳಿವಳಿಕೆ ಆ ಕುಣಿಯಲ್ಲಿದೆ.

ವಾದಕರ ನೋವು ಬಹುಕಾಲ ಬಾಯಿಬಿಟ್ಟು ಹೇಳುವ ವಿಷಯವಾಗಿರಲಿಲ್ಲ. ನೋವು ಅಂದರೆ ಸಾಧನೆ ಸಾಲದು ಎಂದೇ ಅರ್ಥ. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಶರ್ 1960ರ ದಶಕದ ಮಧ್ಯದಲ್ಲಿ, ಕೀರ್ತಿಯ ತುದಿಯಲ್ಲಿದ್ದಾಗ, ಬಲಗೈಯ ಎರಡು ಬೆರಳು ತಾವಾಗಿ ಮಡಚಿಕೊಳ್ಳುವ ತೊಂದರೆಗೆ ಸಿಕ್ಕಿದರು. ಸುಮಾರು ಮೂವತ್ತು ವರ್ಷ ಬಹುಮಟ್ಟಿಗೆ ಎಡಗೈಯ ಕೃತಿಗಳನ್ನೇ ನುಡಿಸಿ, ಚಿಕಿತ್ಸೆಯ ನಂತರ 1990ರ ದಶಕದಲ್ಲಿ ಎರಡೂ ಕೈಗೆ ಮರಳಿದರು. ಅಂಥವರು ತಮ್ಮ ತೊಂದರೆಯನ್ನು 1980ರ ದಶಕದ ಆರಂಭದಲ್ಲಿ ಬಹಿರಂಗವಾಗಿ ಹೇಳಿಕೊಂಡ ಮೇಲೆ ವೈದ್ಯರ ಗಮನ ಇತ್ತ ತಿರುಗಿತು. ಅಮೆರಿಕದ ವಾದ್ಯವೃಂದಗಳಲ್ಲಿ ನಡೆದು 1988ರಲ್ಲಿ ಪ್ರಕಟವಾದ ಸಮೀಕ್ಷೆಯೊಂದಕ್ಕೆ 2,212 ಕಲಾವಿದರು ಉತ್ತರಿಸಿದ್ದರು. ಅವರಲ್ಲಿ ಶೇ 76 ಮಂದಿಗೆ ನುಡಿಸಲು ಅಡ್ಡಿಯಾಗುವಂಥ ಕನಿಷ್ಠ ಒಂದು ದೈಹಿಕ ತೊಂದರೆ ಇತ್ತು. ಅವರೆಲ್ಲ ವೃತ್ತಿಪರರು, ಅಭ್ಯಾಸ ಸಾಲದವರು ಎಂದು ಅವರನ್ನು ಯಾರೂ ಹೇಳುವಂತಿಲ್ಲ.

ಹಾಗಾದರೆ ಕೂರುವುದು ಹೇಗೆ?

ಮೊದಲು ಮೈ, ಆಮೇಲೆ ಗಿಟಾರ್. ಕೈಯಿಲ್ಲದ ಗಟ್ಟಿ ಕುರ್ಚಿ ಅಥವಾ ಸ್ಟೂಲಿನ ಮುಂಭಾಗದಲ್ಲಿ ಕೂರಬೇಕು. ಎರಡು ಪಾದಗಳೂ ನೆಲಕ್ಕೆ ಪೂರ್ತಿ ತಾಗಬೇಕು. ಸೊಂಟ ಮಂಡಿಯ ಮಟ್ಟದಲ್ಲಿ ಅಥವಾ ತುಸು ಮೇಲಿರಬೇಕು. ಗಿಟಾರ್ ಇಲ್ಲದೆ ಹೀಗೆ ಕೂತು ಹೆಗಲು ಸಡಿಲ ಬಿಟ್ಟು ನಾಲ್ಕು ಉಸಿರು ತೆಗೆದುಕೊಂಡರೆ ಮೈಗೆ ತನ್ನ ಸಹಜ ನಿಲುವು ತಿಳಿಯುತ್ತದೆ. ಗಿಟಾರ್ ಮಡಿಲಿಗೆ ಬಂದ ಮೇಲೂ ಆ ನಿಲುವು ಬದಲಾಗಬಾರದು.

ಶಾಸ್ತ್ರೀಯ ಕ್ರಮದಲ್ಲಿ ಗಿಟಾರ್ ಎಡ ತೊಡೆಯ ಮೇಲೆ ಕೂರುತ್ತದೆ, ಎಡಗಾಲ ಕೆಳಗೆ ನಾಲ್ಕೈದು ಅಂಗುಲದ ಮಣೆ ಇರುತ್ತದೆ. ಕೊರಳು ಮೇಲೆದ್ದು ಎಡಗೈಗೆ ಹತ್ತಿರ ಬರುವುದು ಇದರ ಲಾಭ. ಒಂದೇ ಕಾಲು ಎತ್ತರದಲ್ಲಿರುವುದರಿಂದ ಸೊಂಟ ವಾಲಿ, ದೀರ್ಘಕಾಲ ಕೂತವರಿಗೆ ಬೆನ್ನಿನ ಕೆಳಭಾಗ ನೋಯುವುದು ಇದರ ದೋಷ. ಅದಕ್ಕಾಗಿ ಈಗ ಮಣೆಯ ಬದಲು ತೊಡೆಗೂ ಗಿಟಾರಿಗೂ ನಡುವೆ ದಿಂಬು ಅಥವಾ ಚೌಕಟ್ಟಿನಂಥ ಆಸರೆ ಇಡುವುದು ಬಳಕೆಗೆ ಬಂದಿದೆ. ಎರಡು ಪಾದ ನೆಲದಲ್ಲೇ ಉಳಿಯುತ್ತವೆ, ಗಿಟಾರ್ ಮಾತ್ರ ಮೇಲೇರುತ್ತದೆ. ದಪ್ಪ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ಮನೆಯಲ್ಲೇ ಇಂಥ ದಿಂಬು ಮಾಡಿಕೊಳ್ಳಬಹುದು.

ಬಲ ತೊಡೆಯ ಮೇಲೆ ಇಟ್ಟು ನುಡಿಸುವವರಿಗೆ ಅಗಲವಾದ ಪಟ್ಟಿ ಉಪಕಾರಿ. ಕೂತಾಗಲೂ ಪಟ್ಟಿ ಹಾಕಿಕೊಂಡರೆ ಕೊರಳು ಕೆಳಗೆ ಕುಸಿಯುವುದಿಲ್ಲ. ನಿಂತು ನುಡಿಸುವಾಗ ಗಿಟಾರ್ ಕೂತಾಗ ಇದ್ದ ಎತ್ತರದಲ್ಲೇ ಇರುವಂತೆ ಪಟ್ಟಿಯ ಅಳತೆ ಇಟ್ಟುಕೊಳ್ಳಬೇಕು. ಮಂಡಿಯ ತನಕ ಇಳಿಬಿಟ್ಟ ಗಿಟಾರ್ ಚಿತ್ರಕ್ಕೆ ಚೆಂದ. ಆದರೆ ಎಡ ಮಣಿಕಟ್ಟು ಪೂರ್ತಿ ಮಡಚದೆ ಅದರ ತಂತಿ ಕೈಗೆ ಸಿಗುವುದಿಲ್ಲ. ಬೆರಳನ್ನು ಆಡಿಸುವ ನರಗಳು, ಸ್ನಾಯುಗಳ ಎಳೆಗಳು ಮಣಿಕಟ್ಟಿನ ಇಕ್ಕಟ್ಟಾದ ದಾರಿಯಲ್ಲಿ ಹಾದು ಹೋಗುವುದರಿಂದ ಮಣಿಕಟ್ಟು ಆದಷ್ಟು ನೇರವಾಗಿರಬೇಕು.

ನೆಲದ ಮೇಲೆಯೇ ಕೂರಬೇಕಾದ ಭಜನೆ, ಸುಗಮ ಸಂಗೀತದ ಕಾರ್ಯಕ್ರಮಗಳಲ್ಲಿ? ಅದಕ್ಕೂ ಉಪಾಯವಿದೆ. ಗಟ್ಟಿ ದಿಂಬು ಅಥವಾ ಮಡಚಿದ ಕಂಬಳಿಯ ಮೇಲೆ ಕೂತು ಕಾಲನ್ನು ಅದರ ಕೆಳಗೆ ಮಡಚಿದರೆ ಸೊಂಟ ಮಂಡಿಗಿಂತ ಮೇಲಾಗಿ ಬೆನ್ನು ತಾನಾಗಿ ನೇರವಾಗುತ್ತದೆ. ಕುಣಿಮಗ್ಗದಲ್ಲಿ ಕಾಲು ಕೆಳಗಿಳಿಯಿತು. ಇಲ್ಲಿ ಸೊಂಟ ಮೇಲೇರುತ್ತದೆ. ಜೊತೆಗೆ ಪಟ್ಟಿ ಹಾಕಿದರೆ ಗಿಟಾರ್ ಜಾರುವುದಿಲ್ಲ.

ಇನ್ನು ಪರೀಕ್ಷೆ. ಸಿತಾರಿನ ಹಳೆಯ ನಿಯಮವೇ ಸಾಕು: ಎಡಗೈ ತೆಗೆದರೂ ಗಿಟಾರ್ ಅಲುಗದೆ ನಿಲ್ಲಬೇಕು. ನಿಲ್ಲದಿದ್ದರೆ ಎಡಗೈ ಎರಡು ಕೆಲಸ ಮಾಡುತ್ತಿದೆ ಎಂದರ್ಥ. ಹೆಬ್ಬೆರಳು ಕೊರಳ ಹಿಂದೆ ಬೆರಳುಗಳಿಗೆ ಎದುರಾಗಿ ಹಗುರವಾಗಿ ಇರಬೇಕು, ಇಕ್ಕಳದಂತೆ ಹಿಂಡಬಾರದು. ತಂತಿಯನ್ನು ಫ್ರೆಟ್‌ನ ಪಕ್ಕದಲ್ಲೇ ಒತ್ತಿದರೆ ಕಡಿಮೆ ಬಲದಲ್ಲಿ ಸ್ವರ ಹೊರಡುತ್ತದೆ. ತಂತಿಗಳು ತೀರ ಎತ್ತರದಲ್ಲಿರುವ ಅಗ್ಗದ ಗಿಟಾರುಗಳಲ್ಲಿ ಎಷ್ಟೇ ಸರಿಯಾಗಿ ಕೂತರೂ ಬಲ ಹೆಚ್ಚು ಬೇಕಾಗುತ್ತದೆ. ವಾದ್ಯ ದುರಸ್ತಿ ಮಾಡುವವರಿಂದ ಅದನ್ನು ತಗ್ಗಿಸಿಕೊಳ್ಳುವುದು ಒಳ್ಳೆಯದು. ಬೆರಳು ನೋಡಲು ಗಿಟಾರನ್ನು ಅಂಗಾತ ವಾಲಿಸಿ ಅದರ ಮೇಲೆ ಬಾಗುವುದು ಹೊಸಬರೆಲ್ಲರ ಅಭ್ಯಾಸ. ಮುಂದಕ್ಕೆ ಬಾಗಿ ಕೂತಾಗ ಬೆನ್ನುಮೂಳೆಗಳ ನಡುವಿನ ಮೆತ್ತೆಗಳ ಮೇಲೆ ಬೀಳುವ ಒತ್ತಡ ನಿಂತಾಗಿನದಕ್ಕಿಂತ ಹೆಚ್ಚು. ಗಿಟಾರಿನ ಮುಖ ಎದುರಿಗಿರಲಿ. ಕಣ್ಣು ಬೇಕಾದರೆ ಕೊರಳ ಅಂಚಿನತ್ತ ಇಣುಕಲಿ.

ಮಕ್ಕಳಿಗೆ ಮುಕ್ಕಾಲು, ಅರ್ಧ ಅಳತೆಯ ಗಿಟಾರುಗಳು ಸಿಗುತ್ತವೆ. ಬೆಳೆದ ಮೇಲೂ ಬರಲಿ ಎಂದು ದೊಡ್ಡ ಅಂಗಿ ಹೊಲಿಸಬಹುದು, ದೊಡ್ಡ ಗಿಟಾರ್ ಕೊಡಿಸಬಾರದು. ಹೆಗಲು ಎತ್ತಿ ನುಡಿಸಲು ಕಲಿತ ಮಗು ಮುಂದೆಯೂ ಹೆಗಲು ಎತ್ತಿಯೇ ನುಡಿಸುತ್ತದೆ.

ಅರ್ಧ ಗಂಟೆಗೊಮ್ಮೆ ಎದ್ದು ಕೈ ಕಾಲು ಆಡಿಸುವುದು ಅಭ್ಯಾಸದ ಭಾಗವೇ. ಬೆರಳ ತುದಿಯ ಉರಿ ಬಿಟ್ಟು ಬೇರೆಲ್ಲಿ ನೋವು ಬಂದರೂ ಅಲ್ಲಿಗೆ ನಿಲ್ಲಿಸಬೇಕು. ಜೋಮು ಹಿಡಿಯುವುದು, ರಾತ್ರಿ ಕೈ ಮರಗಟ್ಟುವುದು, ಹಿಡಿದ ವಸ್ತು ಜಾರುವುದು ಕಂಡರೆ ವೈದ್ಯರ ಬಳಿ ಹೋಗಲು ತಡಮಾಡಬಾರದು. ಈ ಸೀಮೆಯಲ್ಲಿ ಗಿಟಾರ್ ಹಿಡಿಯುವ ಕೈ ಬಹಳಷ್ಟು ಸಲ ಹೊಲದಲ್ಲಿ, ಮಗ್ಗದಲ್ಲಿ, ಕಾರ್ಖಾನೆಯಲ್ಲಿ ದುಡಿಯಬೇಕಾದ ಕೈಯೂ ಹೌದು. ಅದು ಕೆಟ್ಟರೆ ಹೋಗುವುದು ಸಂಗೀತವೊಂದೇ ಅಲ್ಲ.

ಪಿಟೀಲು ಹರಡಿನ ಮೇಲೆ ಊರಿ ನಿಂತಾಗ, ಹಾರ್ಮೋನಿಯಮ್ಮಿನ ಕಾಲು ತೆಗೆದಾಗ ಮೂಲ ಕ್ರಮ ಕೆಟ್ಟಿತೆಂದು ಇಲ್ಲಿನ ಕಲಾವಿದರು ಅಳುಕಲಿಲ್ಲ. ಗಿಟಾರಿನ ಕೆಳಗೊಂದು ದಿಂಬು, ಕೂರುವವರ ಕೆಳಗೊಂದು ಕಂಬಳಿ ಇಟ್ಟುಕೊಳ್ಳಲು ಈಗಿನವರೂ ಅಳುಕಬೇಕಾಗಿಲ್ಲ.